ಅಂಕಣ ಎಣಿಸಿ, ಆಮೇಲೆ ಮನೆ ಎಣಿಸಿ

ಬೆಳಗಾವಿಯ ಖಡೇಬಜಾರ್, ನರ್ವೇಕರ ಗಲ್ಲಿ, ರಾಮದೇವ ಗಲ್ಲಿ, ಆಚೆ ಶಹಾಪುರ. ಈ ಓಣಿಗಳ ಹಳೆ ವಾಡೆಗಳದು, ಅಂದರೆ ಕೂಡುಕುಟುಂಬದ ದೊಡ್ಡ ಮನೆಗಳದು, ಹೆಚ್ಚೂಕಡಿಮೆ ಒಂದೇ ನಮೂನೆ. ರಸ್ತೆಗೆ ಕಿರಿದಾದ ಮುಖ, ಒಳಗೆ ಹೋದಷ್ಟೂ ಉದ್ದ. ಮುಂದೆ ಅಂಗಡಿ, ಅದರ ಹಿಂದೆ ಪಡಸಾಲೆ, ನಡುವೆ ಬಯಲು ಚೌಕ, ಕೊನೆಗೆ ಹಿತ್ತಲು, ಹಿತ್ತಲಲ್ಲಿ ಬಾವಿ. ಅಣ್ಣತಮ್ಮಂದಿರು ಬೇರೆಯಾಗಿ ಟಿಳಕವಾಡಿ, ಹನುಮಾನ ನಗರ ಸೇರಿದ ಮೇಲೆ ಮೇಲ್ಮಹಡಿಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮನೆಯ ಹಂಚು ಸರಿಸಲು ಯಾರೂ ಹತ್ತುವುದಿಲ್ಲ. ಹಂಚು ಜರುಗಿದ ನಾಲ್ಕೈದು ಮಳೆಗಾಲಕ್ಕೆ ತೊಲೆಯ ತುದಿ ಕೊಳೆಯುತ್ತದೆ. ಅಲ್ಲಿಂದ ಮುಂದೆ ಎರಡೇ ದಾರಿ: ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವುದು, ಇಲ್ಲವೇ ಉಳಿಸಿ ಅದರೊಳಗೇ ನಾಲ್ಕಾರು ಸಂಸಾರಕ್ಕೆ ಮನೆ ಮಾಡುವುದು. ಈ ಬರಹ ಎರಡನೆಯ ದಾರಿ ಹಿಡಿಯುವವರಿಗೆ.

ತಪ್ಪು ಶುರುವಾಗುವುದು ಮೊದಲ ದಿನವೇ, ಕಾಗದದ ಮೇಲೆ. 36 ಅಡಿ ಅಗಲ, 100 ಅಡಿ ಉದ್ದದ ಜಾಗದಲ್ಲಿ ನೆಲ ಮತ್ತು ಒಂದು ಮಹಡಿಯ ವಾಡೆ ಇದೆ ಎಂದಿಟ್ಟುಕೊಳ್ಳಿ. ಹಿತ್ತಲಿಗೆ 16 ಅಡಿ, ಚೌಕಕ್ಕೆ 14×18 ಅಡಿ ಹೋದರೆ ಒಂದು ಅಂತಸ್ತಿಗೆ ಕಟ್ಟಿದ ಜಾಗ 2,772 ಚದರಡಿ. ಕೆಳಗೆ ಅಂಗಡಿಗಳಿಗೆ 720 ಬಿಟ್ಟು ಎರಡೂ ಅಂತಸ್ತು ಕೂಡಿಸಿದರೆ 4,824. ಅದನ್ನು 600ರಿಂದ ಭಾಗಿಸಿ "ಎಂಟು ಫ್ಲ್ಯಾಟ್ ಆಗತಾವ್ರಿ" ಎಂದುಬಿಡುತ್ತಾರೆ. ಆಗುವುದಿಲ್ಲ. ಎರಡೂ ಬದಿಯ ಎರಡೆರಡಡಿ ದಪ್ಪದ ಗೋಡೆಗಳೇ 36ರಲ್ಲಿ 4 ಅಡಿ ತಿನ್ನುತ್ತವೆ. ಅಡ್ಡಗೋಡೆ ಸೇರಿದರೆ ಓಡಾಡಲು ಸಿಗುವುದು ಮುಕ್ಕಾಲು ಪಾಲು. ಅದರಲ್ಲಿ ಎಲ್ಲರೂ ಬಳಸುವ ಮೆಟ್ಟಿಲು, ಮೊಗಸಾಲೆ, ಮೀಟರ್ ಕೋಣೆ ಕಳೆದರೆ ಮೇಲೆ ಮೂರು, ಕೆಳಗೆ ಎರಡು, ಒಟ್ಟು ಐದು ಮನೆ. ಐದಕ್ಕೆ ಲೆಕ್ಕ ಕೂಡಿಬಂದರೆ ಕೈ ಹಾಕಿ. ಎಂಟಾದರೆ ಮಾತ್ರ ಲಾಭ ಎನ್ನುವವರು ಆರನೇ ಮನೆಗಾಗಿ ಚೌಕ ಮುಚ್ಚುತ್ತಾರೆ, ಏಳನೆಯದಕ್ಕೆ ಅಟ್ಟದ ಮೇಲೆ ಸ್ಲ್ಯಾಬ್ ಹಾಕುತ್ತಾರೆ, ಎಂಟನೆಯದಕ್ಕೆ ಕಂಬ ಕೀಳುತ್ತಾರೆ.

ಹಾಗಾದರೆ ಮನೆಗಳ ಗಡಿ ಎಲ್ಲಿ ಎಳೆಯಬೇಕು? ಕಟ್ಟಿದವರು ಆಗಲೇ ಎಳೆದಿಟ್ಟಿದ್ದಾರೆ. ಹಳಬರು ಮನೆಯನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. ಎರಡು ಕಂಬದ ಸಾಲಿನ ನಡುವಿನ ಜಾಗ ಒಂದು ಅಂಕಣ. ಹಲಗೆ ಹೊರುವ ಸಣ್ಣ ಮರವಾದ ಜಂತಿಯ ಭಾರ ದಪ್ಪ ಮರವಾದ ತೊಲೆಗೆ, ತೊಲೆಯದು ಕಂಬದ ತಲೆಯ ಬೋದಿಗೆಗೆ, ಅಲ್ಲಿಂದ ಕಂಬಕ್ಕೆ, ಕಂಬದ ಕೆಳಗಿನ ಕುಂಬಿ ಕಲ್ಲಿಗೆ ಇಳಿಯುವುದು ಈ ಅಂಕಣದ ಗೆರೆಯ ಮೇಲೆಯೇ. ಹೊಸ ಅಡ್ಡಗೋಡೆ ಈ ಗೆರೆಯ ಮೇಲೇ ಬರಲಿ. ಎರಡು ತೊಲೆಗಳ ನಡುವೆ, ಬರೀ ಜಂತಿಯ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿದರೆ ಆರು ತಿಂಗಳಲ್ಲಿ ಕೆಳಮನೆಯ ತಲೆಮೇಲಿನ ಹಲಗೆ ಬಾಗಿದ್ದು ಕಣ್ಣಿಗೇ ಕಾಣುತ್ತದೆ. 4 ಇಂಚಿನ ಇಟ್ಟಿಗೆ ಗೋಡೆ 10 ಅಡಿ ಎತ್ತರಕ್ಕೆ ಗಿಲಾವು (ಪ್ಲಾಸ್ಟರ್) ಸೇರಿ ಒಂದು ಮೀಟರ್ ಉದ್ದಕ್ಕೆ ಸುಮಾರು 700 ಕಿಲೋ ತೂಗುತ್ತದೆ. ಅದೇ ಜಾಗದಲ್ಲಿ ಲೋಹದ ಚೌಕಟ್ಟಿಗೆ ಎರಡೂ ಕಡೆ ಎರಡೆರಡು ಪದರ ಜಿಪ್ಸಂ ಹಲಗೆ ಜಡಿದು ನಡುವೆ ಖನಿಜ ಉಣ್ಣೆ ತುಂಬಿದರೆ 150–180 ಕಿಲೋ. ಮೇಲ್ಮಹಡಿಯಲ್ಲಿ ಇಟ್ಟಿಗೆಯ ಮಾತೇ ಬೇಡ.

ಅಂಕಣದ ನಕ್ಷೆ ಕೈಯಲ್ಲಿದ್ದರೆ ಮುಂದಿನ ಪ್ರಶ್ನೆ ಬಚ್ಚಲಿನದು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವಾಡೆಯಲ್ಲಿ ಬಚ್ಚಲು ನೆಲಕ್ಕೆ, ಪಾಯಖಾನೆ ಹಿತ್ತಲಿಗೆ ಸೇರಿದ್ದವು. ಮಹಡಿ ಒಣ ಜಾಗ. ಈಗ ಮೇಲೆ ಮೂರು ಮನೆ ಎಂದರೆ ಮೂರು ಅಡುಗೆಕಟ್ಟೆ, ಕನಿಷ್ಠ ಮೂರು ಬಚ್ಚಲು. ಹೊಸ ಮನೆಗಳಲ್ಲಿ ಮಾಡುವಂತೆ ತಗ್ಗಿಸಿದ ಸ್ಲ್ಯಾಬ್ ಹಾಕಿ, ಒಂದಡಿ ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಕೂರಿಸಿದರೆ ತೂಕ ನೋಡಿ: 12.5 ಸೆಂ.ಮೀ. ಸ್ಲ್ಯಾಬ್ ಚದರ ಮೀಟರಿಗೆ 312 ಕಿಲೋ, ತುಂಬಿದ್ದು ಹತ್ತಿರ ಹತ್ತಿರ 480, ಗಾರೆ-ಟೈಲ್ಸ್ 100. ಒಟ್ಟು 890. ಐದಡಿ-ಎಂಟಡಿಯ ಒಂದು ಪುಟ್ಟ ಬಚ್ಚಲೇ ಮೂರು ಟನ್ ದಾಟುತ್ತದೆ. ವಾಸದ ಕೋಣೆಗೆ ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ 875 ಹಿಡಿಯುವ ಜನ-ಸಾಮಾನಿನ ಭಾರ ಚದರ ಮೀಟರಿಗೆ ಬರೀ 200 ಕಿಲೋ. ತೂಕವೊಂದೇ ಅಲ್ಲ. ಆ ಇಟ್ಟಿಗೆ ಚೂರಿನೊಳಗೆ ಒಂದು ಜೋಡಣೆ ಸೋರಿತೆಂದರೆ ನೀರು ವರ್ಷಗಟ್ಟಲೆ ಅಲ್ಲೇ ನಿಂತು ಸಾಗುವಾನಿಯನ್ನೂ ಮೆತ್ತಗೆ ಮಾಡುತ್ತದೆ.

ಬಾಳಿಕೆ ಬರುವ ಉಪಾಯ ಒಂದೇ. ನೀರು ಮುಟ್ಟುವುದೆಲ್ಲವನ್ನೂ ಹಳೆ ಕಟ್ಟಡದಿಂದ ಹೊರಗೆ ತೆಗೆದು, ತನ್ನದೇ ಪಾಯ ಇರುವ ಹೊಸ ಗೋಪುರದಲ್ಲಿ ಒಂದರ ಮೇಲೊಂದು ಕೂರಿಸುವುದು. ಹಿತ್ತಲ ಕಡೆ ಒಂದು, ಚೌಕದ ಒಂದು ಮಗ್ಗುಲಿಗೆ ಒಂದು ಅಂಕಣ ಪೂರ್ತಿ ಬಿಚ್ಚಿ ಇನ್ನೊಂದು. ಈ ಎರಡು ಗೋಪುರಗಳು ಉಕ್ಕಿನವೋ ಆರ್‌ಸಿಸಿಯವೋ ಆಗಿರಲಿ, ಹಳೆ ಗೋಡೆಗೆ ತಾಗದಂತೆ ಎರಡು ಇಂಚು ಸಂದು ಬಿಟ್ಟು ನಿಲ್ಲಬೇಕು. ಹೊಸ ಪಾಯ ಮೊದಲ ಒಂದೆರಡು ವರ್ಷ ಕೊಂಚ ಕೂರುತ್ತದೆ, ಹಳೆಯದು ಎಂದೋ ಕೂತು ಮುಗಿಸಿದೆ. ಎರಡನ್ನೂ ಬೆಸೆದರೆ ಬಿರುಕು ಬೆಸುಗೆಯಲ್ಲೇ ಹುಟ್ಟುತ್ತದೆ. ಸಂದಿಗೆ ಮೇಲಿನಿಂದ ತಗಡಿನ ಹೊದಿಕೆ, ಒಳಗೆ ಹಿಗ್ಗಿ ಕುಗ್ಗುವ ಸೀಲಂಟ್. ಪಾಯದ ಅಗೆತಕ್ಕೂ ಒಂದು ನಿಯಮವಿದೆ. ಪಕ್ಕದವರೊಂದಿಗೆ ಹಂಚಿಕೊಂಡ ಸಾಮಾಯಿಕ ಗೋಡೆಯ ಬುಡದಲ್ಲಿ ಉದ್ದಕ್ಕೂ ಒಮ್ಮೆಲೇ ತೋಡಬಾರದು. ಒಂದೊಂದು ಮೀಟರ್ ತುಂಡಾಗಿ, ನಡುವೆ ಎರಡು ತುಂಡು ಬಿಟ್ಟು ತೋಡಿ, ಅದನ್ನು ತುಂಬಿ ಗಟ್ಟಿಯಾದ ಮೇಲೆ ಮುಂದಿನದಕ್ಕೆ ಹೋಗಬೇಕು.

ಪಾಯಖಾನೆಗೆ 110 ಮಿ.ಮೀ. ಕೊಳವೆ, ಬಚ್ಚಲು-ಅಡುಗೆಮನೆಗೆ 75. ಅಡ್ಡ ಓಟಕ್ಕೆ 40ಕ್ಕೆ ಒಂದರಿಂದ 60ಕ್ಕೆ ಒಂದರ ಇಳಿಜಾರು. ಮನುಷ್ಯ ಇಳಿದು ಕೆಲಸ ಮಾಡುವಷ್ಟು, ಅಂದರೆ ಕನಿಷ್ಠ ಒಂದು ಮೀಟರ್ ಅಗಲದ ಶಾಫ್ಟ್ ಬಿಡಿ. ಒಂದೂವರೆ ಅಡಿಯ ಸಂದು ಬಿಟ್ಟವರು ಮುಂದೆ ಸೋರಿಕೆ ಹುಡುಕಲು ಗೋಡೆ ಒಡೆಯುತ್ತಾರೆ. ನೀರಿನ ಟಾಕಿಯದೂ ಇದೇ ಲೆಕ್ಕ. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಮನೆ, ಮನೆಗೆ ಐದು ಜನ, ಒಟ್ಟು 3,375 ಲೀಟರ್. ಮೂರೂವರೆ ಟನ್ ಹತ್ತಿರದ ಆ ಭಾರ ಹೊಸ ಗೋಪುರದ ನೆತ್ತಿಯ ಮೇಲಿರಬೇಕು, ಹಳೆ ಗೋಡೆಯ ಮೇಲಲ್ಲ. ರಾಕಸಕೊಪ್ಪ ಮತ್ತು ಹಿಡಕಲ್‌ನ ಜಲಾಶಯದ ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ನೆಲದಡಿಯ ಸಂಪ್ ಕನಿಷ್ಠ ಮೂರು ದಿನದ್ದಾಗಿರಲಿ. ಹಿತ್ತಲ ಬಾವಿಯನ್ನಂತೂ ಮುಚ್ಚಲೇಬೇಡಿ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಕಾಂಗ್ರೆಸ್ ಅಧಿವೇಶನಕ್ಕೆ ತೋಡಿದ ಬಾವಿಯನ್ನು ಈ ಊರು ಇನ್ನೂ ಕಾಪಾಡಿಕೊಂಡಿದೆ. ಮನೆಯ ಬಾವಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ತೊಳೆಯುವ ನೀರಿಗಾದರೂ ಅದು ಆಗುತ್ತದೆ.

ಈಗ ಮಾಳಿಗೆ. ಹಳೆ ಮಹಡಿಯ ನೆಲವೆಂದರೆ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಆರು ಇಂಚು ಮಣ್ಣು. ಆ ಮಣ್ಣು ಒಂದು ಚದರ ಮೀಟರಿಗೆ 250 ಕಿಲೋ, ಮೇಲೆ ಹೇಳಿದ ಮಾನಕ ಕೇಳುವ ಜನರ ಭಾರಕ್ಕಿಂತ ಹೆಚ್ಚು. ಅದನ್ನು ಇಳಿಸಿದರೆ ತೊಲೆಗಳಿಗೆ ಅಷ್ಟು ಶಕ್ತಿ ಮರಳಿ ಸಿಕ್ಕಂತೆ. ಹೀಗಾಗಿ ಬಹುಪಾಲು ವಾಡೆಗಳಲ್ಲಿ ಹೊಸ ತೊಲೆ ಬೇಕಾಗುವುದಿಲ್ಲ, ಮಣ್ಣು ಇಳಿಸಿದರೆ ಸಾಕಾಗುತ್ತದೆ. ಆದರೆ ಆ ಮಣ್ಣು ಸುಮ್ಮನೆ ಬಿದ್ದಿರಲಿಲ್ಲ. ಮೇಲಿನ ಹೆಜ್ಜೆ ಸಪ್ಪಳ ತಡೆಯುತ್ತಿತ್ತು, ಬೆಂಕಿ ತಡೆಯುತ್ತಿತ್ತು. ಅದನ್ನು ತೆಗೆದವರು ಅದು ಮಾಡುತ್ತಿದ್ದ ಎರಡೂ ಕೆಲಸಕ್ಕೆ ಬದಲಿ ಕೊಡಬೇಕು: ಜಂತಿಗಳ ನಡುವೆ 75–100 ಮಿ.ಮೀ. ಖನಿಜ ಉಣ್ಣೆ, ಮೇಲೆ ರಬ್ಬರ್ ಪಟ್ಟಿಯ ಮೇಲೆ ತೇಲುವ ಎರಡು ಪದರ 18 ಮಿ.ಮೀ. ಪ್ಲೈವುಡ್, ಕೆಳಗೆ ಬೆಂಕಿ ತಡೆಯುವ ಜಿಪ್ಸಂ ಹಲಗೆ ಎರಡು ಪದರ. ಪದರಗಳ ಸಂದು ಒಂದರ ಮೇಲೊಂದು ಬರದ ಹಾಗೆ ಜಡಿಯಬೇಕು. ಗೋಡೆಯಂಚಿನ ಸಂದು ಮುಚ್ಚದೆ ಬಿಟ್ಟರೆ ಇಷ್ಟೆಲ್ಲ ಮಾಡಿಯೂ ಮೇಲ್ಮನೆಯ ಮಾತು ಕೆಳಮನೆಗೆ ಅಕ್ಷರ ಅಕ್ಷರ ಕೇಳುತ್ತದೆ.

ತೊಲೆಯ ರೋಗ ಯಾವಾಗಲೂ ಗೋಡೆಯೊಳಗೆ ಹೂತ ತುದಿಯಲ್ಲಿರುತ್ತದೆ. ನಡುವೆ ಗಟ್ಟಿಯಿದ್ದ ಮಾತ್ರಕ್ಕೆ ಬಡಿಗೇರರು "ಚಲೋ ಐತಿ" ಎಂದರೆ ಒಪ್ಪಬೇಡಿ. ಪ್ರತಿ ತೊಲೆಯ ಎರಡೂ ತುದಿಗೆ ಸುತ್ತಲ ಗಾರೆ ಬಿಡಿಸಿ, ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಅರ್ಧ ಇಂಚಿಗಿಂತ ಒಳಗೆ ಹೋದರೆ ಕೊಳೆತಿದೆ. ತೇವದ ಮೀಟರ್ 20 ಪ್ರತಿಶತಕ್ಕಿಂತ ಹೆಚ್ಚು ತೋರಿಸಿದರೆ ಕೊಳೆ ಇನ್ನೂ ಜೀವಂತವಿದೆ ಎಂದರ್ಥ, ಮೊದಲು ನೀರಿನ ಮೂಲ ಹುಡುಕಿ. ಕೊಳೆತಷ್ಟನ್ನೇ ಕೊಯ್ದು ಹಳೆ ಸಾಗುವಾನಿಯದೇ ತುಂಡನ್ನು ಓರೆ ಜೋಡಣೆಯಲ್ಲಿ ಬೋಲ್ಟ್ ಹಾಕಿ ಸೇರಿಸಬಹುದು, ಅಥವಾ ಎರಡೂ ಮಗ್ಗುಲಿಗೆ ಉಕ್ಕಿನ ಚಾನಲ್ ಕೂಡಿಸಿ ತುದಿಯನ್ನು ಗೋಡೆಯ ಹೊಸ ಕಲ್ಲಿನ ಮೇಲೆ ಕೂರಿಸಬಹುದು. ಹೇಗೇ ಮಾಡಿದರೂ ಗೋಡೆಯೊಳಗಿನ ತುದಿಗೆ ಸುತ್ತ ಒಂದು ಬೆರಳಿನಷ್ಟು ಗಾಳಿ ಸಂದು ಬಿಡಿ, ಸಿಮೆಂಟಿನಲ್ಲಿ ಹೂಳಬೇಡಿ. ಗೆದ್ದಲಿಗೆ ನೆಲ-ಗೋಡೆ ಕೂಡುವಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಔಷಧ ಬಿಡುವುದು ವಾಡಿಕೆ. ಬಾವಿ ಇರುವ ಹಿತ್ತಲ ಕಡೆ ಮಾತ್ರ ಇದನ್ನು ಮಾಡಕೂಡದು, ಔಷಧ ನೀರಿಗಿಳಿಯುತ್ತದೆ.

ಗೋಡೆಗಳ ವಿಷಯಕ್ಕೆ ಬಂದರೆ, ಎರಡಡಿ ದಪ್ಪ ನೋಡಿ ಮೋಸಹೋಗಬೇಡಿ. ಹೊರಗೊಂದು ಕಲ್ಲಿನ ಪದರ, ಒಳಗೊಂದು ಪದರ, ನಡುವೆ ಮಣ್ಣು-ಜಲ್ಲಿ. ಎರಡನ್ನೂ ಹಿಡಿದಿಡುವ ಆರುಪಾರು ಕಲ್ಲು ಎಷ್ಟೋ ಕಡೆ ಇರುವುದೇ ಇಲ್ಲ. ನೀರು ಇಳಿದಾಗ ನಡುವಿನ ಮಣ್ಣು ಕುಸಿದು ಹೊರಪದರ ಬಸುರಿಯಂತೆ ಉಬ್ಬುತ್ತದೆ. ತೂಗುಗುಂಡು ಬಿಟ್ಟು ನೋಡಿ: ಗೋಡೆ ದಪ್ಪದ ಆರನೇ ಒಂದು ಭಾಗಕ್ಕಿಂತ, ಅಂದರೆ ಎರಡಡಿ ಗೋಡೆಗೆ ನಾಲ್ಕು ಇಂಚಿಗಿಂತ ಹೆಚ್ಚು ವಾಲಿದ್ದರೆ ಅಷ್ಟು ಭಾಗ ಬಿಚ್ಚಿ ಕಟ್ಟಬೇಕು. ಅದಕ್ಕಿಂತ ಕಡಿಮೆಯಿದ್ದರೆ ಎತ್ತರಕ್ಕೆ ಎರಡಡಿಗೊಂದು, ಉದ್ದಕ್ಕೆ ನಾಲ್ಕಡಿಗೊಂದು ಆರುಪಾರು ಬಂಧ ಹಾಕಿ. ಕಲ್ಲು ತೂರಿಸಲಾಗದಿದ್ದರೆ ತುಕ್ಕು ಹಿಡಿಯದ ಉಕ್ಕಿನ ಸರಳು ನಡೆಯುತ್ತದೆ. ಆಮೇಲೆ ನಡುವಿನ ಪೊಳ್ಳಿಗೆ ಸುಣ್ಣದ ತಿಳಿಗಾರೆ ಇಳಿಸಬೇಕು. ಅರ್ಧ ಮೀಟರಿಗೊಂದು ತೂತು, ಹಿಂದಿನ ದಿನ ನೀರು ಬಿಟ್ಟು ನೆನೆಸುವುದು, ಮರುದಿನ ಬುಡದಿಂದ ಶುರು ಮಾಡಿ ಮೇಲಿನ ತೂತಿನಲ್ಲಿ ಗಾರೆ ಕಾಣುವವರೆಗೆ ತುಂಬುವುದು. ಪಂಪಿನ ಒತ್ತಡ ಜಾಸ್ತಿಯಾದರೆ ಉಬ್ಬಿದ ಗೋಡೆ ಒಡೆದೇ ಹೋಗುತ್ತದೆ. ಬಕೆಟ್ ಎತ್ತರಕ್ಕೆ ಕಟ್ಟಿ ತನ್ನ ಭಾರಕ್ಕೆ ಇಳಿಯಬಿಡುವುದೇ ಕ್ಷೇಮ. ದಿನಕ್ಕೆ ಮೂರಡಿ ಎತ್ತರ ಸಾಕು.

ಇನ್ನು ಗಿಲಾವು. ಬುಡದಲ್ಲಿ ತೇವ ಕಂಡ ಕೂಡಲೇ ಗೌಂಡಿಗಳು ಹಳೆ ಗಿಲಾವು ಕೆತ್ತಿ ಸಿಮೆಂಟ್ ಬಳಿಯುತ್ತಾರೆ. ಒಂದು ಮಳೆಗಾಲಕ್ಕೆ ಚೆಂದ ಕಾಣುತ್ತದೆ. ಗೋಡೆ ನೆಲದಿಂದ ನೀರೆಳೆಯುವುದನ್ನು ಸಿಮೆಂಟ್ ನಿಲ್ಲಿಸುವುದಿಲ್ಲ, ಆರುವುದನ್ನು ಮಾತ್ರ ನಿಲ್ಲಿಸುತ್ತದೆ. ಎರಡಡಿಯಲ್ಲಿದ್ದ ತೇವ ನಾಲ್ಕೈದು ಅಡಿಗೆ ಏರುತ್ತದೆ, ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಕೆಂಪು ಜಂಬಿಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ, ಕೊನೆಗೆ ಗಿಲಾವು ಕಲ್ಲಿನ ಸಿಪ್ಪೆ ಸಮೇತ ಕಳಚಿ ಬೀಳುತ್ತದೆ. ತೂತು ಕೊರೆದು ರಾಸಾಯನಿಕ ತುಂಬುವ ಉಪಾಯ ಮಣ್ಣು ತುಂಬಿದ ಗೋಡೆಗೆ ಹಿಡಿಯುವುದಿಲ್ಲ, ದ್ರವ ಪೊಳ್ಳಿನಲ್ಲಿ ಎಲ್ಲಿಗೋ ಹರಿದುಹೋಗುತ್ತದೆ. ಬೇಕಾದದ್ದು ಗೋಡೆಯ ಬುಡದಲ್ಲಿ ಒಂದಡಿ ಅಗಲ, ಎರಡಡಿ ಆಳದ ಜಲ್ಲಿ ತುಂಬಿದ ಚರಂಡಿ, ಅದರೊಳಗೆ ತೂತಿನ ಕೊಳವೆ, ಮತ್ತು ಒಳಹೊರಗೆ ಸುಣ್ಣದ ಗಿಲಾವು.

ಸುಣ್ಣಕ್ಕೆ ನಾವು ದೂರ ಹೋಗಬೇಕಿಲ್ಲ, ಬಾಗಲಕೋಟೆ-ಲೋಕಾಪುರದ ಕಡೆ ಸುಣ್ಣದ ಕಲ್ಲು ಹೇರಳ. ಚೀಲದ ಪುಡಿ ಬೇಡ, ಸುಟ್ಟ ಸುಣ್ಣದ ಕಲ್ಲು ತಂದು ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ನೀರಡಿ ಒಂದು ತಿಂಗಳಾದರೂ ಇಡಿ. ಸರಿಯಾಗಿ ಅರಳದ ಹರಳು ಗೋಡೆಯ ಮೇಲೆ ಹೋದ ಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಒಂದು ಪಾಲು ಸುಣ್ಣ, ಒಂದು ಪಾಲು ಅರೆಬೆಂದ ಇಟ್ಟಿಗೆಯ ಪುಡಿ, ಎರಡು ಪಾಲು ಮರಳು. ಕಲ್ಲಿನ ಕ್ರಶರ್ ಮರಳಾದರೆ ಧೂಳು ತೊಳೆದು ತೆಗೆಯದಿದ್ದರೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸುವ ಪದ್ಧತಿ ಬರೀ ನಂಬಿಕೆಯಲ್ಲ, ಗಾರೆ ಕಡಿಮೆ ನೀರಿನಲ್ಲೇ ಮೆತ್ತಗಾಗುತ್ತದೆ. ಒಂದು ಪದರ ಅರ್ಧ ಇಂಚು ಮೀರಬಾರದು, ಮುಂದಿನ ಪದರಕ್ಕೆ ವಾರ-ಹತ್ತು ದಿನ ಕಾಯಬೇಕು, ಅಲ್ಲಿಯವರೆಗೆ ಗೋಣಿತಟ್ಟು ಇಳಿಬಿಟ್ಟು ತೇವ ಉಳಿಸಬೇಕು. ಅವಸರದ ಕಂತ್ರಾಟುದಾರರು ಇಲ್ಲೇ ಕೆಡಿಸುತ್ತಾರೆ. ಮೂರು ಪದರವನ್ನು ಮೂರು ದಿನದಲ್ಲಿ ಬಳಿದದ್ದು ತಟ್ಟಿದರೆ ಡೊಳ್ಳಿನಂತೆ ಕೇಳುತ್ತದೆ.

ಕೆಲಸದ ಕಾಲ ಪಂಚಾಂಗ ನೋಡಿ ನಿಶ್ಚಯಿಸುವಂಥದ್ದು. ದೀಪಾವಳಿ ಕಳೆದ ಮೇಲೆ ಹಂಚು ಇಳಿಸಿ, ರೋಹಿಣಿ ಮಳೆಯೊಳಗೆ ಮತ್ತೆ ಹೊದಿಸಿ ಮುಗಿಸಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ತಾಡಪತ್ರಿ ಸಿದ್ಧ ಇರಲೇಬೇಕು. ಮಾಡು ಮತ್ತು ಮಾಳಿಗೆ ಎರಡನ್ನೂ ಒಟ್ಟಿಗೇ ಬಿಚ್ಚುವುದು ಈ ಕೆಲಸದ ಅತಿ ಅಪಾಯದ ತಪ್ಪು. ಗೋಡೆಗಳನ್ನು ಆಚೀಚೆ ವಾಲದಂತೆ ಹಿಡಿದಿರುವುದೇ ಜಂತಿ-ತೊಲೆಗಳು. ಅವು ಹೋದರೆ ಇಪ್ಪತ್ತು ಅಡಿ ಎತ್ತರದ ಗೋಡೆ ಒಂಟಿಯಾಗಿ ನಿಲ್ಲುತ್ತದೆ, ಮೇಲೆ ಮಳೆ ಬಿದ್ದರೆ ಮಣ್ಣು ನೆನೆಯುತ್ತದೆ. 2021ರ ಅಕ್ಟೋಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ಮನೆಯ ಗೋಡೆ ಕುಸಿದು ಏಳು ಜೀವ ಹೋದವು. ನೆನೆದ ಗೋಡೆ ಮುನ್ಸೂಚನೆ ಕೊಡುವುದಿಲ್ಲ. ಒಂದು ಸಲಕ್ಕೆ ಎರಡೇ ಅಂಕಣ ಬಿಚ್ಚಿ, ಅಷ್ಟಕ್ಕೆ ಉಕ್ಕಿನ ಆನಿಕೆ ಕೊಟ್ಟು, ಅದನ್ನು ಮುಗಿಸಿಯೇ ಮುಂದಿನ ಎರಡಕ್ಕೆ ಹೋಗಿ. 2016ರ ಭಾರತೀಯ ಮಾನಕ 1893ರ ನಕ್ಷೆ ಬೆಳಗಾವಿಯನ್ನು ಭೂಕಂಪದ ಮೂರನೇ ವಲಯದಲ್ಲಿ ಇಟ್ಟಿತ್ತು. ಹಾಗಾಗಿ ಮತ್ತೆ ಕೂರಿಸುವಾಗ ಆರಡಿಗೊಂದು ಜಂತಿಗೆ ಕಬ್ಬಿಣದ ಪಟ್ಟಿ ಜಡಿದು ಗೋಡೆಗೆ ಕಟ್ಟುವುದನ್ನು ಮರೆಯಬಾರದು. ಬರೀ ಗೂಡಿನಲ್ಲಿ ಇಟ್ಟ ಜಂತಿ ಅದುರಿದರೆ ಜಾರಿಬರುತ್ತದೆ.

ಮಾಡಿಗೆ ಹಂಚೇ ಇರಲಿ. ರೀಪು ಸೇರಿ ಚದರ ಮೀಟರಿಗೆ 65 ಕಿಲೋ ಮಾತ್ರ. ಖಾನಾಪುರದ ಕಡೆಯಿಂದ ಒಳ್ಳೆಯ ಹಂಚು ಇನ್ನೂ ಬರುತ್ತದೆ. ಹಳೆ ಹಂಚಿನಲ್ಲಿ ತಟ್ಟಿದರೆ ಖಣಖಣ ಎನ್ನುವುದನ್ನು ಇಟ್ಟುಕೊಳ್ಳಿ, ಮಂಕಾಗಿ ಕೇಳುವುದು ಒಡೆದದ್ದು. ಹಂಚಿನ ಕೆಳಗೆ ಉಸಿರಾಡುವ ಹಾಳೆ ಹಾಕಿದರೆ ಮಂಗ ಹಾರಿ ಒಂದೆರಡು ಒಡೆದರೂ ನೀರು ಒಳಗೆ ಬರದು.

ಚೌಕದ ಬಗ್ಗೆ ಇನ್ನೊಮ್ಮೆ ಹೇಳಲೇಬೇಕು. ಎರಡೂ ಬದಿಗೆ ಕಿಟಕಿ ಇಲ್ಲದ ವಾಡೆಯಲ್ಲಿ ನಡುಮನೆಗಳಿಗೆ ಗಾಳಿ ಬೆಳಕು ಬರುವುದು ಆ ಒಂದು ಬಾಯಿಯಿಂದ. ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಐದು ಅಡುಗೆಮನೆಯ ಹೊಗೆ, ಐದು ಬಚ್ಚಲಿನ ಹಬೆ ಒಳಗೇ ಸುತ್ತುತ್ತದೆ, ಹಂಚಿನಡಿಯ ಮರ ಮತ್ತೆ ತೇವವಾಗುತ್ತದೆ. ಚೌಕಕ್ಕೆ ಇಳಿಯುವ ಮಾಡು 130 ಚದರ ಮೀಟರ್ ಇದ್ದರೆ ಗಂಟೆಗೆ 50 ಮಿ.ಮೀ. ಸುರಿಯುವ ಮಳೆಗೆ 6,500 ಲೀಟರ್ ನೀರು ಅಲ್ಲಿ ಸೇರುತ್ತದೆ. 110 ಮಿ.ಮೀ. ಕೊಳವೆ ಒಂದೇ ಸಾಕು, ಆದರೂ ಎರಡು ಹಾಕಿ, ಒಂದಕ್ಕೆ ಎಲೆ ಕಟ್ಟಿಕೊಳ್ಳುತ್ತದೆ. ಅದನ್ನು ಒಳಚರಂಡಿಗೆ ಸೇರಿಸಬೇಡಿ, ಜೋರು ಮಳೆಯಲ್ಲಿ ಮೈಲಿಗೆ ನೀರು ಕೆಳಮನೆಯ ಬಚ್ಚಲಿಗೆ ಉಕ್ಕುತ್ತದೆ. ಸೋಸಿ ಬಾವಿಗೆ ಬಿಡಿ.

ಹಳೆ ಕಟ್ಟಿಗೆಯ ಏಣಿಮೆಟ್ಟಿಲು ಒಂದು ಮನೆಯೊಳಗೆ ಅಂದಕ್ಕೆ ಉಳಿಯಬಹುದು, ಎಲ್ಲರಿಗೂ ಅದೇ ದಾರಿಯಾಗಲಾರದು. ಹೊಸ ಮೆಟ್ಟಿಲು ಗೋಪುರದಲ್ಲಿ, 1.25 ಮೀಟರ್ ಅಗಲ, ಕಾಲಿಡುವ ಹಲಗೆ 25 ಸೆಂ.ಮೀ.ಗೆ ಕಡಿಮೆಯಿಲ್ಲದೆ, ಎತ್ತರ 19 ಮೀರದೆ. ಓಣಿಗೆ ಅಗ್ನಿಶಾಮಕ ವಾಹನ ಬರುವುದಿಲ್ಲ ಎಂದೇ ಎಣಿಸಿ ಯೋಜನೆ ಮಾಡಿ. ದಪ್ಪ ಸಾಗುವಾನಿ ಕಂಬ ನಿಮಿಷಕ್ಕೆ ಅರ್ಧ ಮಿ.ಮೀ.ನಷ್ಟು ಮಾತ್ರ ಸುಡುತ್ತದೆ, ಅರ್ಧ ಗಂಟೆಗೂ ಅದು ನಿಂತೇ ಇರುತ್ತದೆ. ಭಯವಿರುವುದು ತೆಳು ಹಲಗೆ, ಹಳೆ ವೈರು, ಸಿಲಿಂಡರುಗಳಿಂದ. ಸಿಲಿಂಡರ್ ಎಲ್ಲ ಹಿತ್ತಲಲ್ಲಿ, ವೈರೆಲ್ಲ ಹೊಸದಾಗಿ ಕೊಳವೆಯೊಳಗೆ, ಮನೆಗೊಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್). ವೈರಿಗಾಗಿ ತೊಲೆಯನ್ನು ಕೆತ್ತಬಾರದು.

ಕಾಗದಪತ್ರದ ಕೆಲಸ ಕಟ್ಟಡದ ಕೆಲಸದಷ್ಟೇ ಸಮಯ ತಿನ್ನುತ್ತದೆ. ಮುಂಬಯಿ ಪ್ರಾಂತ್ಯದ ಕಾಲದಿಂದ ಇಲ್ಲಿ ಸಿಟಿ ಸರ್ವೆ ನಂಬರಿನ ಪ್ರಾಪರ್ಟಿ ಕಾರ್ಡೇ ಮೂಲ. ಹಳೆಯ ವಾಟ್ನಿ (ಆಸ್ತಿ ಪಾಲು) ಪತ್ರಗಳು ಮರಾಠಿಯ ಹಳೆ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಮೊದಲೇ ಹುಡುಕಿ. ಹಿಸ್ಸೆದಾರರಲ್ಲಿ ಹೆಣ್ಣುಮಕ್ಕಳೂ ಸೇರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವರ ಸಹಿ ಇಲ್ಲದ ಒಪ್ಪಂದ ಮುಂದೆ ನ್ಯಾಯಾಲಯದಲ್ಲಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಪಗಡಿ (ಬಾಡಿಗೆ ಹಕ್ಕಿಗೆ ಒಮ್ಮೆಲೇ ಕೊಡುವ ದುಡ್ಡು) ಕೊಟ್ಟು ಕೂತ ಅಂಗಡಿಕಾರರೊಂದಿಗೆ ಬರವಣಿಗೆಯಲ್ಲಿ ಒಪ್ಪಂದವಾಗುವ ಮೊದಲು ಒಂದು ಕಲ್ಲೂ ಕೀಳಬಾರದು. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕಿಲ್ಲ. ನಮ್ಮ ಲೆಕ್ಕದ ವಾಡೆ 334 ಚದರ ಮೀಟರ್. ಆದರೆ ಒಂದೊಂದು ಮನೆಯನ್ನೂ ಬೇರೆ ಬೇರೆ ಮಾರಬೇಕಾದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಘೋಷಣಾ ಪತ್ರ ನೋಂದಾಯಿಸಿ, ಚೌಕ, ಬಾವಿ, ಮಾಡು, ಸಾಮಾಯಿಕ ಗೋಡೆ ಎಲ್ಲರದು ಎಂದು ಅದರಲ್ಲಿ ಹೆಸರಿಸಿ ಬರೆಸಿ. ಮಾಡನ್ನು ಮೇಲ್ಮನೆಯವರಿಗೆ ಬಿಟ್ಟುಕೊಟ್ಟರೆ ಹಂಚಿನ ಖರ್ಚಿಗೆ ಕೆಳಮನೆಯವರು ಎಂದೂ ಬರುವುದಿಲ್ಲ. ಕ್ಯಾಂಪ್ ಪ್ರದೇಶಕ್ಕೆ ಪಾಲಿಕೆಯಲ್ಲ, ದಂಡು ಮಂಡಳಿಯ (ಕಂಟೋನ್ಮೆಂಟ್ ಬೋರ್ಡ್) ನಿಯಮ. ವಿಜಯಪುರದಲ್ಲಾದರೆ ಇನ್ನೊಂದು ತೊಡಕಿದೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಮುಂದಿನ 200 ಮೀಟರಿಗೆ ಅನುಮತಿ ಬೇಕು, ದುರಸ್ತಿಗೂ ಕೇಳಲೇಬೇಕು. ಆದಿಲಶಾಹಿ ಸ್ಮಾರಕಗಳು ಊರ ತುಂಬ ಹರಡಿರುವ ಅಲ್ಲಿ, ಹೊಸ ಗೋಪುರದ ಯೋಜನೆಯೇ ಕೈಬಿಡಬೇಕಾಗಬಹುದು.

ಮನೆಗಳಿಗೆ ಜನ ಬಂದ ಮೇಲೂ ಮೊದಲ ಮಳೆಗಾಲ ಕಾವಲಿನ ಕಾಲ. ಗೋಡೆಯ ಹಳೆ ಬಿರುಕುಗಳ ಅಡ್ಡಕ್ಕೆ ಕೆಲಸ ಶುರುವಾಗುವ ಮುನ್ನವೇ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿರಬೇಕು. ಮೃಗಶಿರದಿಂದ ಹಸ್ತದವರೆಗೆ ಹದಿನೈದು ದಿನಕ್ಕೊಮ್ಮೆ ಅವನ್ನು ನೋಡಿ, ಬ್ಯಾಟರಿ ಹಿಡಿದು ಅಟ್ಟ ಹತ್ತಿ ಹಂಚಿನಡಿ ತೊಲೆತುದಿಗಳನ್ನು ಮುಟ್ಟಿ, ಗೋಪುರದ ಸಂದಿಯ ಸೀಲಂಟ್ ಬಿಟ್ಟಿದೆಯೇ ಪರೀಕ್ಷಿಸಿ, ಚೌಕದ ಎರಡೂ ಕೊಳವೆಯ ಜಾಲರಿ ತೆಗೆದು ಎಲೆ ಬಳಿಯಿರಿ. ಗಾಜು ಒಡೆದಿದ್ದರೆ ಗಾಬರಿ ಬೇಡ. ಹೊಸ ಪಟ್ಟಿ ಅಂಟಿಸಿ, ಅದೂ ಒಡೆಯಿತೇ ನೋಡಿ, ಒಡೆದರೆ ಇಂಜಿನಿಯರರನ್ನು ಕರೆಸಿ. ಎರಡನೇ ಮಳೆಗಾಲವನ್ನೂ ಗಾಜು ದಾಟಿದರೆ ಪಟ್ಟಿ ಕಿತ್ತು, ಬಿರುಕಿಗೆ ಸುಣ್ಣದ ಗಾರೆ ಒತ್ತಿ, ಆ ಗೋಡೆಗೆ ಕೊನೆಯ ಸುಣ್ಣ ಬಳಿಯಬಹುದು.